ಕೂಸಿನ ಚೀಲಕ್ಕೆ ಹಾಕಿದ ಗಂಟು

“ಅಜ್ಜಾರೇ, ನನ್ನ ಮಗಳನ್ನು ಕಾಯುವುದಕ್ಕೆ ನಾನು ಇನ್ನೂ ಏನು ಮಾಡಬೇಕು?”

ಮಠದ ಅಜ್ಜನವರನ್ನು ಹೀಗೆ ಕೇಳಿದವನು ಅಡಿವೆಪ್ಪ. ಬಹಳ ಕಾಲದಿಂದ ಮಠಕ್ಕೆ ನಡೆದುಕೊಂಡು ಬಂದ ಶಿಷ್ಯ. ಅವನ ಹೆಂಡತಿ ಹಳ್ಳ ದಾಟುವಾಗ ಸೆಳವಿಗೆ ಸಿಕ್ಕಿ ತೀರಿಕೊಂಡಿದ್ದಳು. ಅಂದಿನಿಂದ ಅವನು ಮಗಳು ನೀಲವ್ವನನ್ನು ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಅವಳಿಗೆ ಬೇಕಾದ ನೀರು ಮನೆಗೇ ಬರುತ್ತಿತ್ತು. ಬಳೆಗಾರ ಮನೆಗೇ ಬರುತ್ತಿದ್ದ. ಗೆಳತಿಯರೂ ಕೆಲವು ಕಾಲ ಬಂದರು, ಆಮೇಲೆ ಬರುವುದನ್ನು ಬಿಟ್ಟರು.

“ಯಾವುದಕ್ಕೂ ಕಡಿಮೆ ಮಾಡಿಲ್ಲ ಅಜ್ಜಾರೇ,” ಎಂದ ಅಡಿವೆಪ್ಪ. “ಮೊದಮೊದಲು ಹೊರಗೆ ಕಳಿಸಪ್ಪಾ ಎಂದು ಅಳುತ್ತಿದ್ದಳು. ಈಗ ಅದೂ ನಿಂತಿದೆ. ಸಮಾಧಾನವಾಗಿದ್ದಾಳೆ. ಆದರೆ ಉಂಡದ್ದು ಮೈಗೆ ಹತ್ತುತ್ತಿಲ್ಲ. ಯಾರದೋ ದೃಷ್ಟಿ ತಾಗಿರಬೇಕು. ಒಂದು ತಾಯತ ಮಂತ್ರಿಸಿ ಕೊಡಿ.”

ಅಜ್ಜನವರು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ತಾಯತಕ್ಕೇನು, ಕೊಡೋಣ. ದಾರ ಇದೆ, ತಗಡು ಇದೆ. ಮೊದಲು ಕುಳಿತುಕೋ. ನಾನು ಒಂದು ಮಾತು ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಟ ಇದೆ.”

ಅಡಿವೆಪ್ಪ ಕುಳಿತ. ಅಜ್ಜನವರು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಅದು ಬಯಲಿನ ಊರು. ಮಾಗಿ ಬಂತೆಂದರೆ ಗಾಳಿಗೆ ಅಡ್ಡ ಎನ್ನಲು ಅಲ್ಲಿ ಒಂದು ಗಿಡವೂ ಇರಲಿಲ್ಲ. ಅಂಥ ಊರಿನಲ್ಲಿ ಕಂಬಳಿ ಮಾರುವವನಿಗೆ ಏನು ಕೊರತೆ ಹೇಳು? ಇದ್ದ ಕೊರತೆ ಒಂದೇ, ಮಕ್ಕಳು. ಹರಕೆ ಹೊತ್ತು ಹೊತ್ತು ಗಂಡ ಹೆಂಡತಿ ಸೋತ ಮೇಲೆ ಒಂದು ಗಂಡು ಕೂಸು ಹುಟ್ಟಿತು. ಆ ಕೂಸು ತನ್ನ ಮೊದಲ ಮಾಗಿಯನ್ನು ದಾಟಲಿಲ್ಲ. ಒಂದು ಬೆಳಿಗ್ಗೆ ತಾಯಿ ತೊಟ್ಟಿಲಿಗೆ ಕೈ ಹಾಕಿದಾಗ ಅದು ತಣ್ಣಗಾಗಿತ್ತು. ರಾತ್ರಿ ತಂದೆ ಹೊದಿಸಿದ್ದ ಕಂಬಳಿಗಳಲ್ಲಿ ಮೇಲಿನದೊಂದು ಜಾರಿ ನೆಲಕ್ಕೆ ಬಿದ್ದಿತ್ತು.

ಊರು ಏನೆಂದಿತು? ಚಳಿ ಹೊಡೆಯಿತು ಎಂದಿತು. ವ್ಯಾಪಾರಿಯ ತಾಯಿ ಸೊಸೆಯ ಮುಖ ನೋಡಿ, “ಹೊದಿಕೆ ಜಾರಿದ್ದು ತಿಳಿಯದ ಹಾಗೆ ಮಲಗಿದ್ದೆಯಲ್ಲೇ, ನೀನೂ ಒಬ್ಬಳು ತಾಯಿಯೇ?” ಎಂದಳು. ವ್ಯಾಪಾರಿ ತಾಯಿಯನ್ನು ತಡೆಯಲಿಲ್ಲ. ಹೌದು ಎಂದೂ ಅನ್ನಲಿಲ್ಲ. ಸುಮ್ಮನಿದ್ದ. ಗಂಡ ಹಾಗೆ ಸುಮ್ಮನಿದ್ದರೆ ಅದರ ಅರ್ಥ ಹೆಂಡತಿಗೆ ಗೊತ್ತಾಗದೇ ಇರುತ್ತದೆಯೇ? ಅವಳು ಅಂದಿನಿಂದ ಆ ಮನೆಯಲ್ಲಿ ತಲೆ ಎತ್ತಿ ಮಾತಾಡಲಿಲ್ಲ. ಉಪ್ಪು ಕಡಿಮೆಯಾಗಿದೆ ಎಂದರೂ ತಪ್ಪಾಯಿತು ಎನ್ನುತ್ತಿದ್ದಳು, ಹೆಚ್ಚಾಗಿದೆ ಎಂದರೂ ತಪ್ಪಾಯಿತು ಎನ್ನುತ್ತಿದ್ದಳು.

ಕೆಲವು ವರ್ಷ ಕಳೆದ ಮೇಲೆ ಅವಳು ಮತ್ತೆ ಬಸುರಿಯಾದಳು. ವ್ಯಾಪಾರಿಗೆ ಸಂತೋಷಕ್ಕಿಂತ ಮೊದಲು ಹೆದರಿಕೆ ಬಂತು. ಅವನು ಕುಳಿತಲ್ಲಿ ನಿಂತಲ್ಲಿ ಒಂದೇ ಯೋಚನೆ ಮಾಡಿದ. ಕಂಬಳಿ ಜಾರುತ್ತದೆ. ಜಾರದೇ ಇರುವುದು ಯಾವುದು? ಚೀಲ. ಕಾಳನ್ನು ಚೀಲದಲ್ಲಿ ತುಂಬಿ ಬಾಯಿ ಕಟ್ಟಿದರೆ ಒಂದು ಕಾಳೂ ಹೊರಗೆ ಬೀಳುವುದಿಲ್ಲ. ಕೂಸನ್ನೂ ಹಾಗೆಯೇ ಚೀಲದಲ್ಲಿ ಮಲಗಿಸಿದರೆ ಚಳಿ ಎಲ್ಲಿಂದ ಬರುತ್ತದೆ? ಯೋಚನೆಯೇನೂ ಕೆಟ್ಟದ್ದಲ್ಲ, ನೆನಪಿಟ್ಟುಕೋ. ಕೆಟ್ಟದ್ದು ಆಮೇಲೆ ಬರುತ್ತದೆ.

ಅವನು ನೇಕಾರರಿಗೆ, ಹೊಲಿಗೆಯವರಿಗೆ ಹೇಳಿ ಕಳಿಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಊರವರು ನಕ್ಕರು. ನಗಲಿ ಎಂದ. ಬಂದ ಚೀಲಗಳನ್ನೆಲ್ಲ ಅಂಗಡಿಯ ಜಮಖಾನೆಯ ಮೇಲೆ ಹರಡಿದ. ರೇಷ್ಮೆಯದಿತ್ತು, ಹತ್ತಿಯದಿತ್ತು, ಗೆಜ್ಜೆ ಕಟ್ಟಿದ್ದೂ ಇತ್ತು. ಆರಿಸುವುದು ಹೇಗೆ? ಅವನು ಒಂದೊಂದರಲ್ಲಿಯೂ ತನ್ನ ಕೈ ಇಟ್ಟು ನೋಡಿದ. ತನ್ನ ಕೈಗೆ ಯಾವುದು ಬೇಗ ಬೆಚ್ಚಗಾಯಿತೋ ಅದನ್ನು ತೆಗೆದಿರಿಸಿದ. ಅದು ಕುರಿಮರಿಯ ಉಣ್ಣೆಯದು, ಒಳಗೂ ಉಣ್ಣೆ, ಹೊರಗೂ ಉಣ್ಣೆ. ತಲೆ ಮುಚ್ಚಲು ಅದಕ್ಕೇ ಸೇರಿಸಿ ಹೊಲಿದ ಕುಂಚಿಗೆ. ಕೊರಳಲ್ಲಿ ಬಿಗಿಯಲು ಒಂದು ದಾರ. ಕೈಗಳು ಹೊರಗೆ ಬರಲು ಮಾತ್ರ ಎರಡು ಕಿಂಡಿ.

ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಬಹಳ ಕಾಲದ ಮೇಲೆ ಬಾಯಿ ತೆರೆದಳು.

“ಆ ಹತ್ತಿಯದು ಹಗುರವಾಗಿದೆ. ಕಾಲು ಆಡಿಸಲು ಜಾಗ ಇದೆ.”

“ಹಗುರವಾದದ್ದು ಬೇಡ,” ಎಂದ ವ್ಯಾಪಾರಿ. “ಒಂದು ಸಲ ಹಗುರ ಮಾಡಿದ್ದಕ್ಕೆ ಆದದ್ದು ಸಾಲದೇ?”

ಅವಳು ಒಳಗೆ ಹೋದಳು.

ಈ ಸಲ ಹೆಣ್ಣು ಕೂಸು. ಮಾಗಿಯ ಹೊತ್ತಿಗೆ ಕತ್ತು ನಿಂತು ನಗಲು ಕಲಿತಿತ್ತು. ಚಳಿ ಬೀಳುತ್ತಿದ್ದ ಹಾಗೆ ವ್ಯಾಪಾರಿ ಚೀಲ ತೆಗೆದ. ಕೂಸು ಮಲಗುವ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿ ಇದ್ದರೂ ಬಿಟ್ಟು ಎದ್ದು ಬರುತ್ತಿದ್ದ. ಚೀಲದೊಳಗೆ ತಾನೇ ಇಳಿಸುತ್ತಿದ್ದ. ಕೊರಳ ದಾರಕ್ಕೆ ತಾನೇ ಗಂಟು ಹಾಕುತ್ತಿದ್ದ. “ಇದು ನನ್ನ ಗಂಟು. ಕೂಸು ಏಳುವ ತನಕ ಯಾರೂ ಬಿಚ್ಚಬಾರದು,” ಎನ್ನುತ್ತಿದ್ದ. ಯಾರೂ ಎಂದರೆ ಯಾರು? ಮನೆಯಲ್ಲಿ ಇದ್ದವರು ಅವನ ತಾಯಿ, ಅವನ ಹೆಂಡತಿ. ತಾಯಿಗೆ ಅವನು ಹಾಗೆ ಹೇಳುವವನಲ್ಲ.

ಕೂಸನ್ನು ನೋಡಲು ಬಂದವರೆಲ್ಲ ಪ್ರೀತಿಯಿಂದ ಅದರ ಕೈ ಹಿಡಿಯುತ್ತಿದ್ದರು. “ಅಯ್ಯೋ, ಕೈ ಎಷ್ಟು ತಣ್ಣಗಿವೆ!” ಎನ್ನುತ್ತಿದ್ದರು. ಹೊರಗಿರುವ ಕೈ, ಗಾಳಿಗೆ ತಣ್ಣಗಿರದೆ ಏನಾಗಿರುತ್ತವೆ? ಕೂಸಿನ ಅಜ್ಜಿ ಕೂಡಲೇ ಚೀಲದೊಳಗೆ ಇನ್ನೊಂದು ಬಟ್ಟೆ ಸೇರಿಸುತ್ತಿದ್ದಳು. ಮರುದಿನ ಇನ್ನೊಬ್ಬರು ಬರುತ್ತಿದ್ದರು, ಕೈ ಹಿಡಿಯುತ್ತಿದ್ದರು, ಇನ್ನೊಂದು ಬಟ್ಟೆ ಒಳಗೆ ಹೋಗುತ್ತಿತ್ತು. ಕೂಸಿನ ಮುಖ ಕೆಂಪಾಯಿತು. ಎಂಥ ಬಣ್ಣ, ದೃಷ್ಟಿಯಾದೀತು ಎಂದು ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟರು. ಕೊರಳ ಸುತ್ತ ಬೆವರುಸಾಲೆ ಎದ್ದಿತು. ಮಾಗಿಯಲ್ಲಿ ಬೆವರುಸಾಲೆ! ಕುರುಡನಿಗೂ ಕಾಣಬೇಕು. ಅವರು ಅದನ್ನೂ ದೃಷ್ಟಿ ಎಂದೇ ತಿಳಿದು ಕೊರಳಿಗೆ ಒಂದು ತಾಯತ ಕಟ್ಟಿಸಿದರು.

ಇಲ್ಲಿ ಅಡಿವೆಪ್ಪ ತಡೆಯಲಾರದೆ, “ಅದಕ್ಕೇ ಅಲ್ಲವೇ ಅಜ್ಜಾರೇ, ಅತಿಯಾದರೆ ಅಮೃತವೂ ವಿಷ ಎಂದು…” ಎಂದ.

“ನೋಡು, ಬಾಯಿ ಹಾಕಿದೆ,” ಎಂದು ಅಜ್ಜನವರು ಗದರಿದರು. “ಆ ಗಾದೆ ವ್ಯಾಪಾರಿಗೂ ಬರುತ್ತಿತ್ತು. ದಿನಕ್ಕೊಂದು ಸಲ ಗಿರಾಕಿಗಳಿಗೆ ಹೇಳುತ್ತಿದ್ದ. ಗಾದೆ ಹೇಳಿ ತಪ್ಪಿಸಿಕೊಳ್ಳಬೇಡ, ಕೇಳು.”

ಅವರು ಮುಂದುವರಿಸಿದರು.

ಒಂದು ಮಧ್ಯಾಹ್ನ. ವ್ಯಾಪಾರಿ ಕೂಸನ್ನು ಮಲಗಿಸಿ, ಗಂಟು ಹಾಕಿ, ಅಂಗಡಿಗೆ ಹೋಗಿದ್ದ. ಅಂಗಡಿ ಎಂದರೆ ಮನೆಯ ಮುಂದಿನ ಪಡಸಾಲೆಯೇ. ಕೂಸು ಅಳತೊಡಗಿತು. ಹೆಂಡತಿ ತೊಟ್ಟಿಲು ತೂಗಿದಳು. ಕೂಸು ಇನ್ನೂ ಅತ್ತಿತು. ಅವಳ ಕೈ ಗಂಟಿನ ತನಕ ಹೋಗಿ ಹಿಂದಕ್ಕೆ ಬಂತು. ಹಿಂದಿನ ಕೂಸಿನ ಮೇಲಿನಿಂದ ಹೊದಿಕೆ ಜಾರಿದ್ದಕ್ಕೆ ಅವಳು ಇಷ್ಟು ವರ್ಷ ಮಾತು ಕೇಳಿದ್ದಳು. ಈಗ ತಾನೇ ಬಿಚ್ಚಿದರೆ, ಈ ಕೂಸಿಗೂ ಏನಾದರೂ ಆದರೆ? ಆ ಹೆದರಿಕೆ ಅವಳನ್ನು ಹಿಡಿದು ನಿಲ್ಲಿಸಿತ್ತು.

ಕೂಸಿನ ಅಳು ಸಣ್ಣದಾಯಿತು. ಆಮೇಲೆ ನಿಂತಿತು.

ಪಡಸಾಲೆಯಿಂದ ವ್ಯಾಪಾರಿ ಕೂಗಿ ಹೇಳಿದ, “ನೋಡಿದೆಯಾ? ಬೆಚ್ಚಗಾಯಿತು, ಸುಮ್ಮನಾಯಿತು.”

ಅಜ್ಜಿ ಕೂತಲ್ಲಿಂದಲೇ, “ಅಳು ನಿಂತರೆ ಕೂಸಿಗೆ ಹಿತವಾಗಿದೆ ಎಂದೇ ಲೆಕ್ಕ,” ಎಂದಳು.

ಹೆಂಡತಿ ತೊಟ್ಟಿಲೊಳಗೆ ಬಗ್ಗಿ ನೋಡಿದಳು. ಕೂಸಿನ ಕಣ್ಣು ಅರ್ಧ ತೆರೆದಿದ್ದವು. ನಿದ್ದೆ ಬಂದ ಕಣ್ಣು ಹಾಗಿರುವುದಿಲ್ಲ. ಹೊಟ್ಟೆ ಬಡಬಡ ಏರಿಳಿಯುತ್ತಿತ್ತು. ಅವಳು ಗಂಟಿಗೆ ಕೈ ಹಾಕಿದಳು. ಗಂಡಸಿನ ಗಂಟು, ಬಿಗಿಯಾಗಿತ್ತು, ಬಿಚ್ಚಲಿಲ್ಲ. ಕತ್ತರಿ ಅಂಗಡಿಯಲ್ಲಿ ಗಂಡನ ಹತ್ತಿರ. ಅವಳು ಕೂಸಿನ ಕೊರಳ ಮೇಲೆ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು.

“ಅಯ್ಯಯ್ಯೋ, ಬಿಚ್ಚಿದಳು! ಬಾರೋ, ಬಂದು ನೋಡೋ, ಇದನ್ನೂ ಕಳೆಯುತ್ತಾಳೆ!” ಎಂದು ಅಜ್ಜಿ ಬೊಬ್ಬೆ ಹಾಕಿದಳು.

ಸೊಸೆ ಕೇಳಿಸಿಕೊಳ್ಳಲಿಲ್ಲ. ಚೀಲ ಕಿತ್ತೆಸೆದಳು, ಒಳಗಿನ ಬಟ್ಟೆಗಳನ್ನೂ ಎಸೆದಳು. ಬೆತ್ತಲೆ ಕೂಸನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ನಿಂತಳು. ಸೆರಗನ್ನು ನೀರಿನಲ್ಲಿ ಅದ್ದಿ ಅದರ ಮೈ ಒರೆಸಿದಳು. “ಅಳು ನನ್ನವ್ವ, ಅಳು, ಒಂದು ಸಲ ಅಳು,” ಎಂದು ಬೇಡಿಕೊಂಡಳು. ಕೂಸಿನ ತುಟಿ ಮಿಸುಕಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅದು ಮನೆ ಹಾರಿಹೋಗುವ ಹಾಗೆ ಅತ್ತಿತು.

ವ್ಯಾಪಾರಿ ಓಡಿ ಬಂದಿದ್ದ. ಮಾಗಿಯ ಗಾಳಿಗೆ ಬೆತ್ತಲೆ ಕೂಸು. ಅವನ ಕಣ್ಣಿಗೆ ಬೇರೇನೂ ಕಾಣಲಿಲ್ಲ. ಹೆಂಡತಿಯ ಮೇಲೆ ಕೈ ಎತ್ತಿದ. ಅವಳು ಹೆದರಲಿಲ್ಲ. ಎತ್ತಿದ ಕೈಯನ್ನು ಹಿಡಿದು ಕೆಳಗೆ ಎಳೆದು, ತೊಟ್ಟಿಲ ಪಕ್ಕ ಬಿದ್ದಿದ್ದ ಚೀಲದೊಳಗೆ ತುರುಕಿದಳು. ಚೀಲದ ಉಣ್ಣೆ ಒದ್ದೆಯಾಗಿತ್ತು. ಆಮೇಲೆ ಅದೇ ಕೈಯನ್ನು ಕೂಸಿನ ಕತ್ತಿನ ಹಿಂದೆ, ಬೆನ್ನ ಮೇಲೆ ಇಟ್ಟಳು. ಒರೆಸಿದ ಮೇಲೂ ಅಲ್ಲಿ ಕೆಂಡದ ಹಾಗೆ ಸುಡುತ್ತಿತ್ತು.

“ಎಲ್ಲರೂ ಕೈ ಮುಟ್ಟಿದಿರಿ,” ಎಂದಳು. “ಬೆನ್ನು ಯಾರೂ ಮುಟ್ಟಲಿಲ್ಲ.”

ವ್ಯಾಪಾರಿ ಕೈ ತೆಗೆಯಲಿಲ್ಲ. ಅವನ ಮುಖ ನಿಧಾನವಾಗಿ ಬಿಳುಚಿಕೊಂಡಿತು. ಕೇಳಬಾರದ್ದನ್ನು ಕೇಳಿದ.

“ಮೊದಲಿನವನ ಬೆನ್ನು?”

ಅವಳು ಕೂಸನ್ನು ಎದೆಗೆ ಹಾಕಿಕೊಂಡಳು. ಅದು ಹಾಲಿಗೆ ಬಾಯಿ ಹಾಕಿದ ಮೇಲೆ ಹೇಳಿದಳು.

“ಅವನ ಅಂಗಿಯೂ ಒದ್ದೆಯಾಗಿತ್ತು. ಇಬ್ಬನಿ ಎಂದಿರಿ. ನಾನೂ ಹೌದೆಂದುಕೊಂಡೆ.”

ಜಾರಿ ಬಿದ್ದದ್ದು ಮೇಲಿನ ಒಂದು ಕಂಬಳಿ. ಅದರ ಕೆಳಗೆ ಎಷ್ಟು ಇದ್ದವು ಎಂದು ಆ ಮನೆಯಲ್ಲಿ ಅಂದು ಯಾರೂ ಕೇಳಿರಲಿಲ್ಲ. ಮೊದಲ ಕೂಸು ಯಾವುದರಿಂದ ಹೋಯಿತೋ, ಶಿವನೇ ಬಲ್ಲ. ಆದರೆ ಮತ್ತೆ ಯಾರೂ ಚಳಿಯ ಹೆಸರು ಎತ್ತಲಿಲ್ಲ. ಅಜ್ಜಿ ಗೋಡೆ ಹಿಡಿದುಕೊಂಡು ಕೆಳಗೆ ಕುಳಿತಳು. ವ್ಯಾಪಾರಿ ಹೆಂಡತಿಯ ಮುಂದೆ ನೆಲದ ಮೇಲೆ ಕುಳಿತು ಮಗುವಿನ ಹಾಗೆ ಅತ್ತ. “ನಾನು ಹೊದಿಸಿದ್ದನ್ನು ನಿನ್ನ ತಲೆಯ ಮೇಲೆ ಹೊರಿಸಿದೆನಲ್ಲೇ,” ಎಂದ. ಅವಳೂ ಅತ್ತಳು. ಅಷ್ಟು ವರ್ಷ ಅವಳಿಗೆ ಆ ಮನೆಯಲ್ಲಿ ಅಳುವ ಹಕ್ಕೂ ಇರಲಿಲ್ಲ.

ಸಂಜೆಗೆ ಮುಂಚೆ ವ್ಯಾಪಾರಿ ತನ್ನ ತಲೆಯ ರುಮಾಲು ಬಿಚ್ಚಿ ಹೆಂಡತಿಯ ಕೈಯಲ್ಲಿ ಇಟ್ಟ. ಸಭೆಯಲ್ಲೂ ಬಿಚ್ಚದ ರುಮಾಲು ಅದು. ಒಗೆದು ಒಗೆದು ಮೆತ್ತಗಾದ ಹತ್ತಿಯ ಬಟ್ಟೆ. “ಕತ್ತರಿಸು,” ಎಂದ. ಅವಳು ಕೂಸನ್ನು ಅದರ ಮೇಲೆ ಮಲಗಿಸಿ ಹೊಸ ಚೀಲಕ್ಕೆ ಅಳತೆ ತೆಗೆದಳು. ತನ್ನ ಕೈಯ ಅಳತೆಯಲ್ಲ, ಗಂಡನ ಹೆದರಿಕೆಯ ಅಳತೆಯಲ್ಲ, ಕೂಸಿನದು. ಕುಂಚಿಗೆ ಇಡಲಿಲ್ಲ, ಏಕೆಂದರೆ ಕೂಸಿನ ಮೈಯ ಬಿಸಿ ತಲೆಯಿಂದಲೇ ಹೋಗಬೇಕು. ದಾರವನ್ನೂ ಇಡಲಿಲ್ಲ. ಚೀಲದ ಕೊರಳು ಸಡಿಲವಾದರೆ ಕೂಸು ಒಳಗೆ ಜಾರಿ ಮೂಗು ಮುಚ್ಚುತ್ತದೆ, ಬಿಗಿಯಾದರೆ ಉಸಿರು ಕಟ್ಟುತ್ತದೆ. ಅದಕ್ಕೆ ಸರಿಯಾಗಿ ನೋಡಿ ನೋಡಿ ಹೊಲಿದಳು. ಕಾಲಿನ ಕಡೆ ಮಾತ್ರ ಧಾರಾಳ ಮಾಡಿದಳು, ಒದೆಯಲಿ ಎಂದು. ಕೂಸನ್ನು ಅಂಗಾತ ಮಲಗಿಸಿದಳು. ತೊಟ್ಟಿಲಿನಿಂದ ಬೇರೆ ಹೊದಿಕೆಗಳನ್ನೆಲ್ಲ ತೆಗೆದಳು. ಚಳಿ ಹೆಚ್ಚಾದ ದಿನ ಒಳಗೆ ಒಂದು ಅಂಗಿ ಹಾಕುತ್ತಿದ್ದಳು, ಕಡಿಮೆಯಾದ ದಿನ ತೆಗೆಯುತ್ತಿದ್ದಳು. ಪ್ರತಿ ಸಲವೂ ಕತ್ತಿನ ಹಿಂದೆ ಕೈ ಇಟ್ಟು ನೋಡಿಯೇ ಮಾಡುತ್ತಿದ್ದಳು.

ಗಂಟು ಹಾಕುವ ಕೆಲಸ ಹೋದ ಮೇಲೆ ವ್ಯಾಪಾರಿಗೆ ಕೆಲವು ದಿನ ಕೈಗೆ ಏನೂ ತೋಚಲಿಲ್ಲ. ಅಂಗಡಿಯಿಂದ ಎದ್ದು ಬಂದು ತೊಟ್ಟಿಲ ಹತ್ತಿರ ನಿಲ್ಲುತ್ತಿದ್ದ. ಕೂಸು ಅತ್ತರೆ ಮೊದಲಿನ ಹಾಗೆ ಸುಮ್ಮನಾಗು ಎನ್ನುತ್ತಿರಲಿಲ್ಲ. “ಏನಂತೆ? ಕೇಳು,” ಎಂದು ಹೆಂಡತಿಯನ್ನು ಕರೆಯುತ್ತಿದ್ದ.

ಅಜ್ಜನವರು ನಿಲ್ಲಿಸಿದರು. ಅಡಿವೆಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಹೆಗಲ ಮೇಲಿನ ವಲ್ಲಿಯಿಂದ ಒರೆಸಿಕೊಂಡ.

“ಕೂಸು ಉಳಿಯಿತಲ್ಲ, ಅದೇ ಪುಣ್ಯ,” ಎಂದ. “ಪಾಪ, ಆ ತಾಯಿ. ಎಂಥ ಕತೆ ಹೇಳಿದಿರಿ ಅಜ್ಜಾರೇ.”

ಹೊತ್ತು ಇಳಿಯುತ್ತಿತ್ತು, ಮನೆಯಲ್ಲಿ ನೀಲವ್ವ ಒಬ್ಬಳೇ ಇದ್ದಳು. ಹೊರಗಿನಿಂದ ಹಾಕಿ ಬಂದ ಬೀಗದ ಕೈ ಅವನ ಉಡಿಯಲ್ಲಿತ್ತು. ಅವನು ಎದ್ದು, ನಮಸ್ಕಾರ ಮಾಡಿ, ತಾಯತಕ್ಕೆಂದು ಕೈ ಚಾಚಿದ.

ಅಜ್ಜನವರು ಆ ಕೈಯನ್ನು ನೋಡಿ ಕೇಳಿದರು:

“ಅಡಿವೆಪ್ಪಾ, ನಿನ್ನ ನೀಲವ್ವ ಅಳುವುದನ್ನು ನಿಲ್ಲಿಸಿ ಎಷ್ಟು ದಿನವಾಯಿತು?”