ದುರುಗವ್ವನ ಹನ್ನೊಂದು ಮನೆ

ಹೇಳಿದ ಮಾತು ಕೇಳದ ಮಕ್ಕಳು ಊರ ತುಂಬ ಇದ್ದಾರೆ. ಮಡಿವಾಳಗಿತ್ತಿ ದುರುಗವ್ವನ ಮಗ ಮಾಚನಿಗೆ ಆ ದೋಷವಿರಲಿಲ್ಲ. ಹೇಳಿದ್ದನ್ನೆಲ್ಲ ಕೇಳುತ್ತಿದ್ದ, ಹೇಳಿದಷ್ಟನ್ನೇ ಮಾಡುತ್ತಿದ್ದ. ದುರುಗವ್ವನ ಗೋಳೇ ಅದು. ಮಗನಿಗೆ ಇಪ್ಪತ್ತಾರು ತುಂಬಿತ್ತು, ಮೀಸೆ ದಟ್ಟವಾಗಿತ್ತು, ಬುದ್ಧಿ ಮಾತ್ರ ಇನ್ನೂ ಹೊಸ್ತಿಲ ಆಚೆಗೇ ನಿಂತಿತ್ತು.

ಕೋಟೆ ಬೀದಿಯ ಹನ್ನೊಂದು ಮನೆಗಳ ಬಟ್ಟೆ ದುರುಗವ್ವನ ಪಾಲು, ಅತ್ತೆಯಿಂದ ಬಂದದ್ದು. ಯುಗಾದಿಗೆ ಒಂದು ತಿಂಗಳಿರುವಾಗ ಹಳ್ಳದ ಒಗೆಯುವ ಕಲ್ಲಿನ ಮೇಲೆ ಜಾರಿ ಬಲಗೈ ಮುರಿದುಕೊಂಡಳು. ನಾಟಿ ವೈದ್ಯ ಬಿದಿರ ದಬ್ಬೆ ಕಟ್ಟಿ, ಹಬ್ಬ ಕಳೆಯುವವರೆಗೆ ನೀರಿಗೆ ಕೈ ಹಾಕಬೇಡ ಅಂದ. ಕೆಳಗೇರಿಯಲ್ಲಿದ್ದ ಅವಳ ಮೈದುನನ ಹೆಂಡತಿ ಗೌರವ್ವ ನೋಡಲು ಬಂದಳು. ಬಂದವಳು ಕೈ ನೋಡಲಿಲ್ಲ, ಮೂಲೆಯಲ್ಲಿದ್ದ ಬಟ್ಟೆಯ ಗಂಟು ನೋಡಿದಳು.

"ಮನೆಗಳನ್ನ ನನಗೆ ಬಿಟ್ಟುಕೊಡಕ್ಕ. ನಿನ್ನ ಮಗನ ಕೈಲಿ ಏನಾದೀತು?"

"ನನ್ನ ಹೆಣ ಎತ್ತಿದ ಮೇಲೆ ಬಾ," ಅಂದಳು ದುರುಗವ್ವ. ಮಗನ ತಲೆ ಮೇಲೆ ಗಂಟು ಹೊರಿಸಿ ಹಳ್ಳಕ್ಕೆ ಕಳಿಸಿದಳು.

ಮೊದಲನೆಯ ದಿನ ಜೋಯಿಸರ ಧೋತ್ರದ ಮೇಲೆ ಅರಿಸಿನ ಬಿದ್ದಿತ್ತು. ಮಾಚ ಸೋಪು ಉಜ್ಜಿದ. ಅರಿಸಿನ ಕೆಂಪಾಯಿತು. ಇನ್ನಷ್ಟು ಉಜ್ಜಿದ. ಇನ್ನಷ್ಟು ಕೆಂಪಾಯಿತು. ಕೋಳಿ ಕುಯ್ದ ಬಟ್ಟೆಯ ಹಾಗೆ ಮಾಡಿ ತಂದ.

"ಅರಿಸಿನಕ್ಕೆ ಸೋಪು ತೋರಿಸ್ತಾರೇನೋ, ಮೂಳ! ನೀರಲ್ಲಿ ಜಾಲಾಡಿ ಬಿಸಿಲಿಗೆ ಹಾಕಬೇಕು. ಮೂರು ದಿನ ಹುಲ್ಲಿನ ಮೇಲೆ ಬಿಟ್ಟು ಬಾ, ಆ ಕಡೆ ತಲೆ ಹಾಕಬೇಡ. ಬಿಸಿಲೇ ತಿಂದುಹಾಕುತ್ತೆ."

"ಹೂಂ ಅವ್ವ."

ಮರುದಿನ ಗೌಡರ ಮನೆಯ ಪಂಚೆ ಬಂತು, ಮೇಲೆ ತುಪ್ಪ ಸುರಿದ ಪಾಯಸ. ಮಾಚ ಜಾಲಾಡಿದ, ಹುಲ್ಲಿನ ಮೇಲೆ ಹಾಸಿದ, ಮೂರು ದಿನ ಆ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ದಿನ ಅರ್ಧ ಪಂಚೆ ತಂದ.

"ಇನ್ನರ್ಧ ಎಲ್ಲೋ?"

"ಎಮ್ಮೆ ತಿಂತವ್ವ. ಬಿಸಿಲಿಗಿಂತ ಬೇಗ ತಿಂತು."

ದುರುಗವ್ವ ಎಡಗೈಯಲ್ಲಿ ಸೌದೆ ಎತ್ತಿಕೊಂಡಳು. "ಜಿಡ್ಡನ್ನ ಯಾವನಾದರೂ ಬಿಸಿಲಿಗಿಡ್ತಾನಾ? ಕಡಲೆಹಿಟ್ಟು ಮೆತ್ತಬೇಕು. ಅದು ಎಣ್ಣೆ ಹೀರಿಕೊಂಡ ಮೇಲೆ ಹಂಡೆಯಲ್ಲಿ ಹಾಕಿ ಕುದಿಸಬೇಕು, ಚೆನ್ನಾಗಿ ಕುದಿಸಬೇಕು."

"ಹೂಂ ಅವ್ವ."

ಆಮೇಲೆ ಬಂದದ್ದು ಗರಡಿ ಪೈಲ್ವಾನರ ಬಿಳಿ ಅಂಗಿ. ಕುಸ್ತಿಯಲ್ಲಿ ಮೂಗೊಡೆದು ಎದೆ ತುಂಬ ರಕ್ತ. ಮಾಚ ಕಡಲೆಹಿಟ್ಟು ಮೆತ್ತಿದ, ಹಂಡೆಗೆ ಹಾಕಿದ, ಚೆನ್ನಾಗಿ ಕುದಿಸಿದ. ರಕ್ತ ಕಂದಾಗಿ ನೂಲಿಗೆ ಕಚ್ಚಿಕೊಂಡಿತು, ಹಿಟ್ಟು ಬೆಂದು ಅಂಗಿ ಬೋಂಡದಂತಾಯಿತು. ಪೈಲ್ವಾನರು ಅದನ್ನು ದುರುಗವ್ವನ ಅಂಗಳಕ್ಕೆ ಎಸೆದು, "ಚಟ್ನಿ ಎಲ್ಲಿ ದುರುಗವ್ವ?" ಎಂದು ಕೇಳಿ ಹೋದರು.

"ರಕ್ತಕ್ಕೆ ಬಿಸಿನೀರು ತಾಗಿಸಿದೆಯಲ್ಲೋ ಪಾಪಿ. ತಣ್ಣೀರು ಕಣೋ, ಬರೀ ತಣ್ಣೀರು. ತೊಟ್ಟಿಯಲ್ಲಿ ಮುಳುಗಿಸಿಟ್ಟು ಸುಮ್ಮನೆ ಎದ್ದು ಬಾ."

"ಹೂಂ ಅವ್ವ."

ಆ ವಾರ ಮೇಷ್ಟರ ಅಂಗಿಯ ಜೇಬಿನಲ್ಲಿ ಶಾಯಿ ಸೋರಿ ಕೆಳಗಿನ ಅಂಚಿನವರೆಗೆ ಇಳಿದಿತ್ತು. ತೊಟ್ಟಿಯಲ್ಲಿ ಐದು ಮನೆಗಳ ಬಿಳಿ ಬಟ್ಟೆ ನೆನೆಯುತ್ತಿತ್ತು. ಮಾಚ ಅದರಲ್ಲೇ ಅಂಗಿ ಮುಳುಗಿಸಿಟ್ಟು ಸುಮ್ಮನೆ ಎದ್ದು ಬಂದ. ಐದು ಮನೆಯವರೂ ಒಂದೇ ಬಣ್ಣಕ್ಕೆ ತಿರುಗಿದರು.

ಜೋಯಿಸರ ಹೆಂಡತಿ ಭಾಗೀರಥಮ್ಮ ಬೀದಿಯ ಪರವಾಗಿ ಬಂದರು. "ನೋಡು ದುರುಗವ್ವ, ನಿನ್ನ ಕೈ ಮುರಿದದ್ದಕ್ಕೆ ನಮಗೂ ದುಃಖ ಇದೆ. ಆದರೆ ನೀಲಿ ಧೋತ್ರ ಉಟ್ಟು ನಮ್ಮವರು ಯಾವ ಮನೆಗೆ ಮಂತ್ರ ಹೇಳೋಕೆ ಹೋಗಲಿ? ಹಬ್ಬದ ಒಗೆತ ಇದೆ. ಅದೂ ಕೆಟ್ಟರೆ ಮನೆಗಳನ್ನ ನೀನೇ ಗೌರವ್ವನಿಗೆ ಬಿಟ್ಟುಕೊಡು."

ಅವರು ಹೋದ ಮೇಲೆ ದುರುಗವ್ವ ಮಗನನ್ನು ಎದುರಿಗೆ ಕೂರಿಸಿಕೊಂಡಳು. ಬೈದು ಬೈದು ಅವಳ ಗಂಟಲು ಕಟ್ಟಿತ್ತು.

"ಒಂದು ಕಲೆ ಇರಬಾರದು, ತಿಳೀತಾ? ಕಲೆ ಕಂಡರೆ ನಿಂಬೆಹಣ್ಣು, ಉಪ್ಪು. ಅದಕ್ಕೂ ಹೋಗಲಿಲ್ಲವೋ, ಅಂಚಿನಲ್ಲಿದ್ದರೆ ಬೆರಳಗಲ ಕತ್ತರಿಸಿ ಮಡಚಿ ಹೊಲಿದುಬಿಡು. ಮೇಷ್ಟರ ಅಂಗಿ ಅಂಚನ್ನ ಹಾಗೇ ಮಾಡಿ ಕೊಡು. ಯಾರಿಗೂ ಗೊತ್ತಾಗೋದಿಲ್ಲ."

"ಹೂಂ ಅವ್ವ."

ಹಬ್ಬ ಹತ್ತಿರ ಬಂತು. ಹನ್ನೊಂದು ಮನೆಗಳಿಗೂ ಸುಣ್ಣ ಬಳಿದರು. ಇದ್ದಬದ್ದ ಬಟ್ಟೆಯೆಲ್ಲ ಹಳ್ಳಕ್ಕೆ ಬಂತು. ಮಾಚ ನಾಲ್ಕು ದಿನ ಒಗೆದ, ಎರಡು ದಿನ ಹೊಲಿದ. ಮಡಿಸಿ ತಂದಿಟ್ಟ. ದುರುಗವ್ವ ಒಂದು ಪಂಚೆ ಬಿಡಿಸಿದಳು. ಮಲ್ಲಿಗೆ ಬಿಳುಪು. ಇನ್ನೊಂದು ಬಿಡಿಸಿದಳು. ಅದೂ ಹಾಗೆಯೇ. ಒಂದು ತಿಂಗಳಲ್ಲಿ ಮೊದಲ ಸಲ ಅವಳ ಹುಬ್ಬು ಸಡಿಲವಾಯಿತು. ಯಾರ ಮನೆಯದೆಂದು ತಿಳಿಯಲು ಮೂಲೆ ನೋಡಿದಳು. ಇನ್ನೊಂದು ಮೂಲೆ ನೋಡಿದಳು. ನಾಲ್ಕೂ ಮೂಲೆ ನೋಡಿದಳು.

"ಗುರುತು ಎಲ್ಲೋ?"

"ಎಲ್ಲದರಲ್ಲೂ ಒಂದೊಂದು ಕರಿ ಕಲೆ ಇತ್ತವ್ವ. ನಿಂಬೆಹಣ್ಣು ಉಜ್ಜಿದೆ, ಹೋಗಲಿಲ್ಲ. ಪುಣ್ಯಕ್ಕೆ ಎಲ್ಲಾ ಅಂಚಲ್ಲೇ ಇತ್ತು."

ಕೇರುಬೀಜದಿಂದ ತೆಗೆದ ಕರಿ ಎಣ್ಣೆಯ ಗುರುತು ಅದು. ಜೋಯಿಸರಿಗೆ ಒಂದು ಚುಕ್ಕೆ, ಗೌಡರಿಗೆ ಎರಡು ಗೀಟು, ಪೈಲ್ವಾನರಿಗೆ ಕೊಕ್ಕೆ. ಸೋಪು, ಸೌಳು ಮಣ್ಣು, ಬಿಸಿಲು, ಯಾವುದಕ್ಕೂ ಹೋಗದು. ಹೋಗಬಾರದೆಂದೇ ಹಾಕುವುದು. ಆ ಗುರುತು ಇರುವತನಕ ಅವಳ ಕುಲದ ಇನ್ನೊಬ್ಬರು ಆ ಬಟ್ಟೆ ಮುಟ್ಟುವಂತಿಲ್ಲ. ಗುರುತಿಲ್ಲದ್ದನ್ನು ಯಾರು ಬೇಕಾದರೂ ಒಯ್ಯಬಹುದು.

ಸುದ್ದಿ ಕೆಳಗೇರಿ ತಲುಪಲು ತಡವಾಗಲಿಲ್ಲ. ಗೌರವ್ವ ಬಾಗಿಲಲ್ಲೇ ನಿಂತು ಹೇಳಿದಳು: "ಈಗ ನೀನು ಬಿಟ್ಟುಕೊಡೋದೇನೂ ಉಳಿದಿಲ್ಲಕ್ಕ. ಸಂಜೆ ಕತ್ತೆ ಹೊಡಕೊಂಡು ಬರ್ತೀನಿ."

ದುರುಗವ್ವ ಅಳಲಿಲ್ಲ. ಹನ್ನೊಂದು ಮನೆಯ ಹೆಂಗಸರನ್ನು ಕರೆಸಿ, ಅವರವರ ಬಟ್ಟೆ ಆರಿಸಲು ಅಂಗಳದಲ್ಲಿ ಕೂರಿಸಿದಳು. ಒಂದು ಸೀರೆಗೆ ಮೂವರು ಜಗಳವಾಡುತ್ತಿರುವಾಗಲೇ ಎಡಗೈಯಲ್ಲಿ ಕೇರುಬೀಜ ಜಜ್ಜಿ, ಕಾಯಿಸಿ, ಎಣ್ಣೆಯ ಕರಟವನ್ನು ಮಗನ ಕೈಗೆ ಕೊಟ್ಟಳು.

"ಸಂಜೆಯೊಳಗೆ ಹನ್ನೊಂದು ಮನೆಗೂ ಅದರದರ ಗುರುತು ಹಾಕು. ಗೌರಿ ಕಣ್ಣಿಗೆ ಬೀದಿ ಆ ತುದಿಯಿಂದಲೇ ಕಾಣಬೇಕು. ಇನ್ನೊಂದು ಬಟ್ಟೆ ಕೆಡಿಸಿದರೆ ನಿನ್ನ ಚರ್ಮ ಸುಲೀತೀನಿ. ಎಣ್ಣೆ ಮಿಗಿಸಿ ಮನೆಗೆ ತರಬೇಡ, ಮೈಗೆ ತಾಗಿದರೆ ಬೊಬ್ಬೆ ಏಳುತ್ತೆ."

"ಹೂಂ ಅವ್ವ," ಅಂದ ಮಾಚ. ಹೆಂಗಸರು ಆರಿಸಿದ ಬಟ್ಟೆ ಹೊತ್ತು ಮನೆಗೆ ಹೊರಟಾಗ ಅವರ ಹಿಂದೆಯೇ ಹೋದ.

ಸಂಜೆ ಕೋಟೆ ಬೀದಿಯಲ್ಲಿ ಬೊಬ್ಬೆ ಎದ್ದಿತು. ದುರುಗವ್ವ ಓಡಿದಳು. ಜೋಯಿಸರ ಹೊಸ ಸುಣ್ಣದ ಗೋಡೆಯ ಮೇಲೆ ರೊಟ್ಟಿಯಗಲದ ಕರಿ ಚುಕ್ಕೆ. ಗೌಡರ ಗೋಡೆಗೆ ಆಳುದ್ದದ ಎರಡು ಗೀಟು. ಪೈಲ್ವಾನರ ಮನೆಗೆ ಬಾಗಿಲಿನಷ್ಟು ದೊಡ್ಡ ಕೊಕ್ಕೆ. ಹನ್ನೊಂದು ಗೋಡೆಗೂ ಹನ್ನೊಂದು ಗುರುತು.

"ಬಟ್ಟೆಗೆ ಒಂದು ಹನೀನೂ ಬೀಳಿಸಿಲ್ಲವ್ವ," ಅಂದ ಮಾಚ.

ಗೌರವ್ವ ಕತ್ತೆಯ ಜೊತೆ ಬೀದಿಯ ತುದಿಯಲ್ಲಿ ನಿಂತಿದ್ದಳು. ಒಂದೊಂದೇ ಗೋಡೆ ನೋಡಿದಳು. ಅವಳ ಮುಖ ಇಳಿಯಿತು.

"ಬಾರೇ," ಎಂದು ಭಾಗೀರಥಮ್ಮ ಕೂಗಿದರು. "ಈ ಮುಂಡೇದು ನಮಗೆ ಬೇಡ. ಬಟ್ಟೆ ನೀನೇ ಒಯ್ಯಿ."

"ಹೇಗೆ ಒಯ್ಯಲಿ ಅಮ್ಮಾರೇ? ಮನೆಗೇ ಗುರುತು ಬಿದ್ದಾಗಿದೆ. ಬಟ್ಟೆ ಆದರೆ ಅಂಚು ಕತ್ತರಿಸಬಹುದು, ಮನೆ ಎಲ್ಲಿಂದ ಕತ್ತರಿಸೋಣ? ನಾನು ಮುಟ್ಟಿದರೆ ಕುಲದವರು ನನ್ನ ಮನೇಲಿ ನೀರು ಕುಡಿಯೋದಿಲ್ಲ."

ಅವಳು ಕತ್ತೆಯನ್ನು ತಿರುಗಿಸಿಕೊಂಡು ಹೋದಳು. ಹನ್ನೊಂದು ಮನೆಯ ಬೈಗುಳ ಒಟ್ಟಿಗೆ ದುರುಗವ್ವನ ಮೇಲೆ ಬಿತ್ತು. ಅವಳು ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡು, ಮಗನ ಕಿವಿ ಹಿಡಿದು ಮನೆಗೆ ಎಳೆದುಕೊಂಡು ಹೊರಟಳು. ದಾರಿಯಲ್ಲಿ ಅವನ ಕೈಯ ಕರಟ ನೋಡಿದಳು. ಬರಿದಾಗಿತ್ತು.

"ಅಷ್ಟೂ ಎಣ್ಣೆ ಬೀದಿಗೇ ಸುರಿದೆಯೇನೋ?"

"ಇಲ್ಲವ್ವ, ಸ್ವಲ್ಪ ಮಿಕ್ಕಿತ್ತು. ಮನೆಗೆ ತರಬೇಡ ಅಂದೆಯಲ್ಲ. ಚಿಕ್ಕವ್ವನ ಮನೆ ಗೋಡೆಗೂ ಹಾಕಿ ಬಂದೆ."

ದುರುಗವ್ವನ ಕೈ ಅವನ ಕಿವಿಯಿಂದ ಜಾರಿತು. ಆಗಲೇ ಕೆಳಗೇರಿಯ ಕಡೆಯಿಂದ ಗೌರವ್ವ ಕಿರುಚಿದ್ದು ಕೇಳಿಸಿತು.

"ಅವಳ ಮನೆಗೆ ಯಾವ ಗುರುತು ಹಾಕಿದೆಯೋ?"

"ಇದ್ದ ಗುರುತೆಲ್ಲ ಮುಗಿದಿದ್ದವು. ಕತ್ತೆ ಬರೆದೆ," ಅಂದ ಮಾಚ. "ಚೆನ್ನಾಗೇ ಬಂದಿದೆ."