ಹಳೆಯ ಫೋನು ಮತ್ತು ಜಂಬದ ಸ್ಪೀಕರ್

ಅಂಬುಜಾಕ್ಷಮ್ಮನವರ ಹಾಡಿನ ಆ್ಯಪ್‌ಗೆ ಎರಡೇ ಸಾಧನಗಳನ್ನು ಜೋಡಿಸಬಹುದಿತ್ತು; ಹೊಸ ಟೀವಿಯನ್ನು ಸೇರಿಸಬೇಕಾದರೆ ಹಿಂದಿನ ಒಂದು ಸಾಧನವನ್ನು ಕೈಬಿಡಬೇಕಾಗಿತ್ತು.

"ನೀನೇ ಹೊರಡಜ್ಜ! ಮುಖವೆಲ್ಲ ಬಿರುಕು, ದನಿಯೂ ಕೀರಲು," ಎಂದು ಬ್ಲೂಟೂತ್ ಸ್ಪೀಕರ್ ಹಳೆಯ ಫೋನನ್ನು ಹಂಗಿಸಿತು. "ಮನೆ ತುಂಬ ಹಾಡುವವನು ನಾನು."

ಮೊಮ್ಮಕ್ಕಳನ್ನು ಮಲಗಿಸಿದ ಜೋಗುಳಗಳು, ಅಮ್ಮನವರು ಹೂ ಕಟ್ಟುತ್ತ ತನ್ನೊಡನೆ ದನಿಗೂಡಿಸಿದ ಸಂಜೆಗಳು ಫೋನಿಗೆ ನೆನಪಾದವು. "ಮಗೂ, ಈಗ ನೀನು ಹಾಡುತ್ತಿರುವುದೂ ನಾನು ಕಳಿಸಿದ ಹಾಡೇ," ಎಂದಿತು.

"ಅಬ್ಬಾ, ಮುದುಕನ ಬಡಾಯಿಯೇ!"

ಅಂಬುಜಾಕ್ಷಮ್ಮ ಹಳೆಯದೆಂದು ಫೋನನ್ನೇ ಖಾತೆಯಿಂದ ತೆಗೆದರು. ಹಾಡು ಚರಣದ ನಡುವೆ ನಿಂತುಹೋಯಿತು. ಅವರು ಗಾಬರಿಯಿಂದ ಸ್ಪೀಕರನ್ನು ತಟ್ಟಿದರು. ಅದು ಎದೆಯುಬ್ಬಿಸಿ ಬಾಯಿ ತೆರೆಯಿತು. ಅದಕ್ಕೆ ಸ್ವಂತವಾಗಿ ಬರುತ್ತಿದ್ದುದು ಒಂದೇ ಮಾತು:

"ಬ್ಯಾಟರಿ ತುಂಬಿದೆ."