ಸಂಪಿಗೆ ಗಿಡದ ಗ್ರೋತ್ ರೇಟ್

ಕಚೇರಿಗೆ ಹೊಸ ಸಾಹೇಬರು ಬಂದರು. ತೋಟದ ರಿಜಿಸ್ಟರು ತೆರೆದು ನೋಡಿ, ಮಾಲಿಯನ್ನು ಕರೆದರು.

"ಈ ಸಂಪಿಗೆ ಹೋದ ವರ್ಷ ಎರಡಡಿ ಬೆಳೆದಿತ್ತು. ಈ ವರ್ಷ ಒಂದೇ ಅಡಿ."

ರಿಜಿಸ್ಟರಿನಲ್ಲಿ 'ಡಿಕ್ಲೈನ್ ಇನ್ ಗ್ರೋತ್ ರೇಟ್' ಎಂದು ಬರೆದರು.

"ಬೆಳೆದಿದೆಯಲ್ಲ ಸಾರ್?"

"ಬೆಳೆಯುವ ವೇಗ ಇಳಿದಿದೆ. ಈ ಕಾಂಪೌಂಡಿನಲ್ಲಿ ವೇಗ ಇಳಿದದ್ದನ್ನೆಲ್ಲ ನಾಳೆಯೇ ಕಿತ್ತು ಹಾಕು."

ಆ ಗಿಡ ಮಾಲಿಯ ಹೆಂಡತಿ ನೆಟ್ಟದ್ದು. ಅವಳು ಈಗಿಲ್ಲ.

ಮರುದಿನ ಅವನು ಟೇಪು ಹಿಡಿದು ಸಾಹೇಬರ ಮುಂದೆ ನಿಂತ.

"ಸ್ವಲ್ಪ ಗೋಡೆಗೆ ಒರಗಿ ನಿಲ್ಲಿ ಸಾರ್."

"ಯಾಕಯ್ಯಾ?"

"ವೇಗ ಇಳಿದದ್ದನ್ನೆಲ್ಲ ಕೀಳಬೇಕಲ್ಲ. ಇಪ್ಪತ್ತು ದಾಟಿದ ಮೇಲೆ ತಾವು ಎಷ್ಟು ಬೆಳೆದಿದ್ದೀರಿ, ಅಳೆದು ಬರೆದುಕೊಳ್ಳುತ್ತೇನೆ."

ಗುಮಾಸ್ತರೆಲ್ಲ ಫೈಲಿನೊಳಗೆ ಮುಖ ಇಟ್ಟರು. ಸಾಹೇಬರು ಟೇಪು ನೋಡಿದರು. ಆಮೇಲೆ ರಿಜಿಸ್ಟರು ತೆಗೆದು, ನಿನ್ನೆ ಬರೆದದ್ದನ್ನು ಹೊಡೆದು ಹಾಕಿ, 'ಸ್ಟೆಡಿ ಗ್ರೋತ್' ಎಂದು ಬರೆದರು.

"ಹಾಗಂದರೇನು ಸಾರ್?"

"ಗಿಡಕ್ಕೆ ನೀರು ಹಾಕು ಅಂತ."